ನನ್ನ ಅಡ್ಡಹೆಸರು ಪೀಂ

ಚಿಕ್ಕಮಗಳೂರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಎಷ್ಟು ಜನವೋ ಲೆಕ್ಕ ಇಟ್ಟಿಲ್ಲ. ‘ಪೀಂ’ ಅಂತ ಕರೆಯುವವರು ಮಾತ್ರ ಸರಿಯಾಗಿ ಹನ್ನೊಂದು ಜನ. ಎಂ.ಜಿ. ರಸ್ತೆಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಹೋಗುತ್ತಿರುವಾಗ ಎದುರುಗಡೆಯಿಂದ “ಲೋ ಪೀಂ!” ಅಂತ ಕೂಗು ಬಂದರೆ ತಿರುಗಿ ನೋಡಲೇಬೇಕಾಗಿಲ್ಲ, ಅದು ನಮ್ಮ ಬ್ಯಾಂಡಿನವನೇ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು, ಅದೆಂತ ಹೆಸರು ಅಂತ. ದೊಡ್ಡ ಕಥೆ ಅಂದೆ. ನಿಜ ಹೇಳಬೇಕೆಂದರೆ ಅದು ಒಂದು ಸೆಕೆಂಡಿನ ಕಥೆ.

1996ರ ಜನವರಿ 26. ನಾನು ಒಂಬತ್ತನೇ ಕ್ಲಾಸು. ನಮ್ಮ ಶಾಲೆಯ ಬ್ಯಾಂಡಿನಲ್ಲಿ ಹದಿನೆಂಟು ಜನ ಇದ್ದೆವು. ಏಳು ಸೈಡ್ ಡ್ರಮ್, ಏಳು ಬ್ಯೂಗಲ್, ಒಂದು ಬೇಸ್ ಡ್ರಮ್, ಒಂದು ಜೊತೆ ತಾಳ, ಒಂದು ಟ್ರಯಾಂಗಲ್, ಮುಂದೆ ಕೋಲು ತಿರುಗಿಸುವ ಲೀಡರ್. ಟ್ರಯಾಂಗಲ್ ಸಿಕ್ಕವನು ವರ್ಷವಿಡೀ ಅಳುತ್ತಿದ್ದ, ಅದು ಬೇರೆ ವಿಷಯ. ಕಲಿಸಿದವರು ನಮ್ಮ ಪಿ.ಟಿ. ಸಾರ್. ಮಿಲಿಟ್ರಿ ಬ್ಯಾಂಡಿನಲ್ಲಿದ್ದು ಬಂದವರು. ಆ ವರ್ಷ ಅವರು ತಾವೇ ಒಂದು ಸಣ್ಣ ತುಣುಕು ಕಟ್ಟಿದ್ದರು. ಮೊದಲು ಒಂದೇ ಒಂದು ಬ್ಯೂಗಲ್, ಹದಿಮೂರು ಸ್ವರ. ಅದು ಮುಗಿದ ಮೇಲೆ ಸೈಡ್ ಡ್ರಮ್ಮಿನ ರೋಲ್, ಆಮೇಲೆ ಎಲ್ಲರೂ ಸೇರಿ ಮಾರ್ಚ್. ಆ ಒಂದು ಬ್ಯೂಗಲ್ ನನ್ನದು.

ಬ್ಯೂಗಲ್ ಊದದವರಿಗೆ ಒಂದು ವಿಷಯ ಹೇಳಬೇಕು. ಅದಕ್ಕೆ ಗುಂಡಿ ಇಲ್ಲ, ತೂತು ಇಲ್ಲ, ಬೆರಳಿಗೆ ಕೆಲಸವೇ ಇಲ್ಲ. ಸುತ್ತಿದ ಒಂದು ಕೊಳವೆ ಅಷ್ಟೇ. ಎಲ್ಲ ಸ್ವರವೂ ತುಟಿಯಲ್ಲೇ ಹುಟ್ಟಬೇಕು. ತುಟಿ ಬಿಗಿ ಮಾಡಿದರೆ ಮೇಲಿನ ಸ್ವರ, ಸಡಿಲ ಬಿಟ್ಟರೆ ಕೆಳಗಿನದು. ಆ ಕೊಳವೆಯೊಳಗೆ ಸ್ವರಗಳು ಮೆಟ್ಟಿಲಿನ ಹಾಗೆ ಇರುತ್ತವೆ. ಕೆಳಗಿನ ಮೆಟ್ಟಿಲುಗಳು ದೂರ ದೂರ, ಮೇಲೆ ಹೋದ ಹಾಗೆ ಹತ್ತಿರ ಹತ್ತಿರ. ಮೇಲೆ ಹೋದಾಗ ತುಟಿ ಕೂದಲೆಳೆಯಷ್ಟು ಆಚೀಚೆ ಆದರೂ ಸಾಕು, ಪಕ್ಕದ ಮೆಟ್ಟಿಲಿಗೆ ಕಾಲು ಇಟ್ಟಿರುತ್ತೀರಿ, ಇಲ್ಲಾಂದ್ರೆ ಎರಡರ ಮಧ್ಯೆ ಬಿದ್ದಿರುತ್ತೀರಿ. ನನ್ನ ಹದಿಮೂರರಲ್ಲಿ ಹತ್ತನೆಯದು ಎಲ್ಲಕ್ಕಿಂತ ಮೇಲಿನದು.

ಪ್ರಾಕ್ಟೀಸಿನಲ್ಲಿ ಅದು ಒಂದು ಸಲವೂ ಕೆಟ್ಟಿರಲಿಲ್ಲ. ಆದರೆ ಪ್ರಾಕ್ಟೀಸು ಸಂಜೆ ನಾಲ್ಕೂವರೆಗೆ, ಬಿಸಿಲಲ್ಲಿ. ಅವತ್ತು ನಮ್ಮನ್ನು ಬೆಳಿಗ್ಗೆ ಏಳಕ್ಕೇ ಜಿಲ್ಲಾ ಆಟದ ಮೈದಾನದಲ್ಲಿ ತಂದು ನಿಲ್ಲಿಸಿದ್ದರು. ಜನವರಿಯ ಚಿಕ್ಕಮಗಳೂರು ಗೊತ್ತಲ್ಲ, ಮುಳ್ಳಯ್ಯನಗಿರಿ ಕಡೆಯಿಂದ ಬರುವ ಗಾಳಿ ಸ್ವೆಟರ್ ಇದೆಯಾ ಇಲ್ವಾ ಅಂತ ಕೇಳುವುದಿಲ್ಲ. ನಮಗಂತೂ ಸ್ವೆಟರ್ ಹಾಕಲು ಬಿಟ್ಟಿರಲಿಲ್ಲ, ಯೂನಿಫಾರ್ಮ್ ಕಾಣಬೇಕಲ್ಲ. ಸುಣ್ಣದ ಹಾಗೆ ಬಿಳಿ ಪಾಲಿಶ್ ಬಳಿದ ಕ್ಯಾನ್ವಾಸ್ ಶೂ ಇಬ್ಬನಿಗೆ ನೆನೆದು ಹುಲ್ಲಿನ ಮೇಲೆಲ್ಲ ಬಿಳಿ ಗುರುತು. ರಾತ್ರಿ ಬ್ರಾಸೋ ಹಾಕಿ ಉಜ್ಜಿದ ಬ್ಯೂಗಲ್ ಐಸಿನ ತುಂಡಿನ ಹಾಗಿತ್ತು. ಸಾರ್ ಮೊದಲೇ ಹೇಳಿದ್ದರು, “ಮೌತ್‌ಪೀಸು ಕಿತ್ತು ಕಂಕುಳಲ್ಲಿ ಇಟ್ಕೊಳ್ರೋ, ಬಾಯಿಗೆ ಹತ್ತಲ್ಲ ಇಲ್ಲಾಂದ್ರೆ.” ಇಟ್ಟುಕೊಂಡಿದ್ದೆ. ಎಂಟೂವರೆಗೆ ಯಾರೋ ಬಂದ ಹಾಗೆ ಆಯಿತು, ‘ಸಾವ್‌ಧಾನ್’ ಅಂದರು, ಮೌತ್‌ಪೀಸು ಸಿಕ್ಕಿಸಿ ಬ್ಯೂಗಲ್ ಸೊಂಟಕ್ಕೆ ಆನಿಸಿ ನಿಂತೆವು. ಬಂದಿದ್ದು ಬೇರೆ ಯಾರದೋ ಜೀಪು. ಹಾಗೇ ನಿಂತಲ್ಲೇ ನಿಂತೆವು, ಅರ್ಧ ಗಂಟೆ ಮೇಲೆಯೇ ಆಗಿರಬೇಕು. ಮೌತ್‌ಪೀಸು ಮತ್ತೆ ತಣ್ಣಗಾಯಿತು, ತುಟಿ ಮರದ ತುಂಡಾಯಿತು.

ಒಂಬತ್ತು ಸ್ವರ ಸರಿಯಾಗಿ ಬಂತು. ಹತ್ತನೆಯದಕ್ಕೆ ತುಟಿ ಬಿಗಿಯಾಗಲಿಲ್ಲ, ಅದಕ್ಕೆ ಮೌತ್‌ಪೀಸನ್ನೇ ತುಟಿಗೆ ಒತ್ತಿದೆ. ಅದು ಮಾಡಲೇಬಾರದ ಕೆಲಸ. ಪೀಂ ಅಂತ, ಹಾಲು ಬಿಡಿಸಿದ ಕರು ಅರಚಿದ ಹಾಗೆ ಒಂದು ಸದ್ದು ಬಂತು. ಮೈಕು ಬೇರೆ ಹತ್ತಿರವೇ ಇತ್ತು. ಮೈದಾನದ ಆ ತುದಿಯಲ್ಲಿ ಕಾಂಪೌಂಡಿನ ಮೇಲೆ ಕೂತಿದ್ದ ಹುಡುಗರು ಮೊದಲು ನಕ್ಕರು, ಆಮೇಲೆ ನಗು ಪೆಂಡಾಲಿನ ಕಡೆಗೆ ಬಂತು. ಉಳಿದ ಮೂರು ಸ್ವರ ಊದಿದೆನೋ ಇಲ್ಲವೋ ಇವತ್ತಿಗೂ ನನಗೆ ನೆನಪಿಲ್ಲ. ಊದಿದೆ ಅಂತ ಬೇಸ್ ಡ್ರಮ್ಮಿನವನು ಹೇಳುತ್ತಾನೆ, ಅವನು ಕರುಣೆಯ ಮನುಷ್ಯ. ನನಗೆ ನೆನಪಿರುವುದು ಸೈಡ್ ಡ್ರಮ್ಮಿನ ರೋಲ್ ಬೇಗ ಶುರುವಾಗಿದ್ದು. ಮುಂದಿನ ಸಾಲಿನ ಎಡಗಡೆಯವನು ನನ್ನ ಹದಿಮೂರಕ್ಕೆ ಕಾಯಲಿಲ್ಲ, ಸುಮ್ನೆ ಬಾರಿಸಿಬಿಟ್ಟ. ನಗು ಅದರ ಕೆಳಗೆ ಮುಚ್ಚಿಹೋಯಿತು.

ವಾಪಸ್ ಶಾಲೆಗೆ ಬಂದ ಮೇಲೆ ಸಾರ್ ಬೈದಿದ್ದು ನನಗಲ್ಲ, ಅವನಿಗೆ. “ನಿನಗೆ ಯಾರೋ ಹೇಳಿದ್ದು ಮೊದಲೇ ಬಾರಿಸೋಕೆ?” ಅವನು ತಲೆ ತಗ್ಗಿಸಿ “ತಪ್ಪಾಯ್ತು ಸಾರ್” ಅಂದ. ನನ್ನ ಕಡೆ ನೋಡಲೂ ಇಲ್ಲ. ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದು ಕ್ಲಾಸಿಗೆ ಹೋಗುವಾಗ ಹಿಂದಿನಿಂದ ಮೆತ್ತಗೆ “ಪೀಂ” ಅಂದವನೂ ಅವನೇ.

ಇವನು ಈಗ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್. ಬಸ್ಸಿನ ಕಂಬಿಯ ಮೇಲೆ ಅವನ ಬೆರಳು ಸುಮ್ಮನಿರುವುದನ್ನು ನಾನು ನೋಡಿಲ್ಲ. ಬೇಸ್ ಡ್ರಮ್ಮಿನವನದು ಹಾರ್ಡ್‌ವೇರ್ ಅಂಗಡಿ. ಲೀಡರ್ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಹದಿನೆಂಟರಲ್ಲಿ ಇಬ್ಬರು ತೀರಿಕೊಂಡರು, ನಾಲ್ವರು ಎಲ್ಲಿದ್ದಾರೋ ಗೊತ್ತಿಲ್ಲ. ಉಳಿದ ಹನ್ನೆರಡು ಜನರ ವಾಟ್ಸ್ಯಾಪ್ ಗುಂಪಿದೆ.

ಈ ಗುಂಪಿಗೆ ಲೀಡರ್ ಒಂದು ದಿನ ಅಮೆರಿಕದ ವಿಡಿಯೊ ಒಂದನ್ನು ಹಾಕಿದ. ಡ್ರಮ್ ಕೋರ್ ಅಂತೆ. ಅಲ್ಲಿಂದ ನನಗೆ ಹುಚ್ಚು ಹತ್ತಿತು. ಬರೀ ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟ ತಿರುಗಿಸುವವರು. ಕ್ಲಾರಿಯೊನೆಟ್, ಕೊಳಲು ಇಲ್ಲವೇ ಇಲ್ಲ. ದೊಡ್ಡ ತಂಡದಲ್ಲಿ 150ಕ್ಕೂ ಜಾಸ್ತಿ ಜನ, ಫುಟ್‌ಬಾಲ್ ಮೈದಾನದ ಮೇಲೆ ಓಡುತ್ತಾ ಓಡುತ್ತಾ ಊದುತ್ತಾರೆ. ಶುರುವಾಗಿದ್ದು ನಮ್ಮ ಸಾರ್ ತರದವರಿಂದಲೇ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಸಂಘಗಳು ಸೈನ್ಯದ ಬ್ಯೂಗಲ್ಲು ಡ್ರಮ್ಮು ಇಟ್ಟುಕೊಂಡು ಊರೂರಲ್ಲಿ ತಂಡ ಕಟ್ಟಿದವು. ಯುವಕರ ತಂಡಗಳು ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಅಂತ ಮಾಡಿಕೊಂಡು, 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಅನ್ನುವ ಊರಿನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆಸಿದರು. 2000ನೇ ಇಸವಿಯ ತನಕ ಅಲ್ಲಿ ಜಿ ಶ್ರುತಿಯ ಬ್ಯೂಗಲ್ಲೇ ಆಗಬೇಕಿತ್ತು. ಅವರದಕ್ಕೆ ವಾಲ್ವ್ ಬಂದು ಎಷ್ಟೋ ವರ್ಷ ಆಗಿತ್ತು ಬಿಡಿ, ನಮ್ಮ ಹಾಗೆ ಬರೀ ತುಟಿ ನಂಬಿಕೊಂಡವರಲ್ಲ.

ನನ್ನನ್ನು ಹಿಡಿದಿದ್ದು ವಯಸ್ಸಿನ ಲೆಕ್ಕ. ಇಪ್ಪತ್ತೊಂದು, ಹೆಚ್ಚೆಂದರೆ ಇಪ್ಪತ್ತೆರಡು, ಅಲ್ಲಿಗೆ ಮುಗೀತು. ಬೇಸಿಗೆಯಿಡೀ ಬಸ್ಸಿನಲ್ಲಿ ಊರಿಂದೂರಿಗೆ ಹೋಗಿ, ಯಾವುದೋ ಶಾಲೆಯ ಜಿಮ್ಮಿನ ನೆಲದ ಮೇಲೆ ಮಲಗಿ, ಅದಕ್ಕೆ ಮತ್ತೆ ಕೈಯಿಂದ ದುಡ್ಡು ಕೊಟ್ಟು, ಆಗಸ್ಟಿನಲ್ಲಿ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂನಲ್ಲಿ ಹನ್ನೆರಡು ನಿಮಿಷ ಊದಿ ಬಾರಿಸಿ, ಮಾರನೇ ದಿನದಿಂದ ಅವರು ಬರೀ ಪ್ರೇಕ್ಷಕರು. ಆದರೆ ಬಿಟ್ಟು ಹೋಗುವುದಿಲ್ಲ. ಮ್ಯಾಡಿಸನ್ ಸ್ಕೌಟ್ಸ್ ಅಂತ 1938ರ ಹಳೆಯ ತಂಡ. 2006ರಲ್ಲಿ ಫೈನಲ್ ಅವರದೇ ಊರಿನಲ್ಲಿ ನಡೆದಾಗ ಆ ತಂಡದ ಹಳೆಯ ಹುಡುಗರೆಲ್ಲ ಮತ್ತೆ ಸೇರಿ ಪ್ರಾಕ್ಟೀಸು ಮಾಡಿ ಮೈದಾನಕ್ಕೆ ಇಳಿದಿದ್ದರು. ಹೊಟ್ಟೆ ಬಂದವರು, ತಲೆ ಬೋಳಾದವರು. ಮೊದಲ ಸಲ ನೋಡಿದಾಗ ನಾನು ನಕ್ಕೆ, ಎರಡನೇ ಸಲ ನಗು ಬರಲಿಲ್ಲ.

ಈ ವಿಡಿಯೊಗಳಲ್ಲಿ ನಾನು ಕಾಯುವುದು ಸೋಲೊಗೆ. ಸಾವಿರಾರು ಜನರ ಮುಂದೆ ಒಬ್ಬ ಹುಡುಗನೋ ಹುಡುಗಿಯೋ ಮುಂದೆ ಬಂದು ನಿಲ್ಲುತ್ತಾರೆ. ನನಗೆ ಅಂಗೈ ಬೆವರುತ್ತದೆ. ಕೆಲವು ಸಲ ಒಡೆಯುತ್ತದೆ ಸ್ವರ. ಆಗ ಆ ಹುಡುಗನ ಹಿಂದೆ ನಿಂತವರನ್ನು ನೋಡಿ, ಒಬ್ಬನೂ ಕತ್ತು ಅಲ್ಲಾಡಿಸುವುದಿಲ್ಲ.

ಬ್ಯೂಗಲ್ಲಿನ ತಪ್ಪು ಅಂದರೆ ಎಲ್ಲರಿಗಿಂತ ದೊಡ್ಡದು ಸಾರ್ಜೆಂಟ್ ಕೀತ್ ಕ್ಲಾರ್ಕ್ ಅವರದು. 1963ರ ನವೆಂಬರ್ 25, ಅರ್ಲಿಂಗ್ಟನ್ ಸ್ಮಶಾನ, ಕೆನಡಿಯ ಅಂತ್ಯಕ್ರಿಯೆ. ಅಲ್ಲಿ ಸೈನಿಕರ ಅಂತ್ಯಕ್ರಿಯೆಗೆ ಬ್ಯೂಗಲ್ಲಿನಲ್ಲಿ ಊದುವ ‘ಟ್ಯಾಪ್ಸ್’ ಅನ್ನುವ ತುಣುಕಿನಲ್ಲಿ ಇರುವುದೇ 24 ಸ್ವರ. ಗಂಟೆಗಟ್ಟಲೆ ಚಳಿಯಲ್ಲಿ ಕಾದು ನಿಂತಿದ್ದ ಆ ಮನುಷ್ಯನಿಗೆ ಆರನೆಯದು ಒಡೆಯಿತು. ಟಿವಿಯಲ್ಲಿ ದೇಶಕ್ಕೆ ದೇಶವೇ ನೋಡುತ್ತಿತ್ತು. ಆಮೇಲೆ ಜನ ಏನಂದರು ಗೊತ್ತಾ, ಅದು ಬ್ಯೂಗಲ್ಲೇ ಬಿಕ್ಕಿದ ಹಾಗಿತ್ತು ಅಂದರು, ಬೇಕಂತಲೇ ಹಾಗೆ ಊದಿದ್ದು ಅಂತಲೂ ಅಂದುಕೊಂಡರು. ಒಳ್ಳೆ ಮಾತೇ. ಆದರೆ ತಣ್ಣನೆಯ ಮೌತ್‌ಪೀಸಿಗೆ ತುಟಿ ಇಟ್ಟವನಿಗೆ ಆ ಮಾತಿನಿಂದ ಏನೂ ಸಮಾಧಾನ ಆಗುವುದಿಲ್ಲ ಅಂತ ನನಗೆ ಅನಿಸುತ್ತದೆ. ಚಳಿಗೆ ತುಟಿ ಹೇಳಿದ ಮಾತು ಕೇಳಲಿಲ್ಲ, ಅಷ್ಟೇ. ಅಳು ಗಿಳು ಕೇಳಿದವರದು.

ಪ್ರತಿ ವರ್ಷ ಜನವರಿ 26ಕ್ಕೆ ಊರಲ್ಲಿರುವ ನಾವು ಏಳೆಂಟು ಜನ ಮೈದಾನದ ಬೇಲಿ ಹತ್ತಿರ ನಿಲ್ಲುತ್ತೇವೆ. ಭಾಷಣ ಯಾರೂ ಕೇಳುವುದಿಲ್ಲ, ಬ್ಯಾಂಡ್ ಬಂದರೆ ಮಾತ್ರ ಮಾತು ನಿಲ್ಲುತ್ತದೆ. ಈ ಸಲ ಒಂದು ಶಾಲೆಯ ಹುಡುಗಿ ಒಬ್ಬಳೇ ಊದಿದಳು. ಅವಳ ಮೊಣಕೈ ಮೇಲೆ ಹೋಗಿದ್ದು ನೋಡಿ ಬೇಸ್ ಡ್ರಮ್ಮಿನವನು “ಹೋಯ್ತು” ಅಂದ. ಆಮೇಲೆ ಸ್ವರ ಒಡೆಯಿತು. ಹಿಂದೆ ನಿಂತ ಕಾಲೇಜು ಹುಡುಗರು ನಕ್ಕರು. ಕಂಡಕ್ಟರ್ ತಿರುಗಿ ಅವರನ್ನು ನೋಡಿದ ನೋಟ ಇದೆಯಲ್ಲ, ಟಿಕೆಟ್ ಇಲ್ಲದೆ ಹತ್ತಿದವನನ್ನೂ ಅವನು ಹಾಗೆ ನೋಡುವುದಿಲ್ಲ. ಆಮೇಲೆ ಹೋಟೆಲಿನಲ್ಲಿ ದೋಸೆ ತಿನ್ನುವಾಗ ಪ್ರತಿ ವರ್ಷದ ಹಾಗೆ ನನ್ನ ಹತ್ತನೇ ಸ್ವರದ ಕಥೆ ಬಂತು. ಒಬ್ಬ ಕರುವಿನ ಸದ್ದು ಅಂದ, ಇನ್ನೊಬ್ಬ ಸ್ಕೂಟರಿನ ಹಾರ್ನು ಅಂದ. ಅವತ್ತು ನಕ್ಕ ಸಾವಿರ ಜನರಲ್ಲಿ ಒಬ್ಬರಿಗೂ ಈಗ ಅದು ನೆನಪಿರಲಿಕ್ಕಿಲ್ಲ. ಯಾವ ಸ್ವರ, ಎಷ್ಟು ಕೆಳಗೆ ಬಿತ್ತು ಅನ್ನುವುದು ಪ್ರಪಂಚದಲ್ಲಿ ಈ ಹನ್ನೊಂದು ಜನಕ್ಕೆ ಮಾತ್ರ ಗೊತ್ತು. ಬಾಕಿ ಎಲ್ಲ ಕಡೆ ನಾನು ದೊಡ್ಡ ಮನುಷ್ಯನ ಹಾಗೆ ಇರಬೇಕು. ಇವರ ಹತ್ತಿರ ಆ ತಾಪತ್ರಯ ಇಲ್ಲ.

ಇನ್ನೊಂದು ವಿಷಯ ಮಾತ್ರ ದೋಸೆ ತಿನ್ನುವಾಗ ಬರುವುದಿಲ್ಲ.

2019ರ ಮಳೆಗಾಲದಲ್ಲಿ ಸಾರ್ ತೀರಿಕೊಂಡರು. ಆಲ್ದೂರು ಕಡೆ ಅವರ ಊರು. ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಸುದ್ದಿ ಬಂತು, ಬೆಳಿಗ್ಗೆ ಎಂಟರ ಹೊತ್ತಿಗೆ ಒಂಬತ್ತು ಜನ ಅವರ ಮನೆ ಅಂಗಳದಲ್ಲಿದ್ದೆವು, ಲೀಡರ್ ರಾತ್ರೋರಾತ್ರಿ ಬೆಂಗಳೂರಿನಿಂದ ಕಾರು ಓಡಿಸಿಕೊಂಡು ಬಂದಿದ್ದ. ಬಿಡದ ಮಳೆ. ಮಾಡಿನ ಕೆಳಗೆ ಬೆಂಚಿನ ಮೇಲೆ ಮಲಗಿಸಿದ್ದರು. ಕಂಡಕ್ಟರ್ ಒಂದು ಪ್ಲಾಸ್ಟಿಕ್ ಕವರ್ ತಂದಿದ್ದ. ಅದರೊಳಗೆ ಎಲ್ಲಿಂದಲೋ ಕೇಳಿ ತಂದ ಬ್ಯೂಗಲ್. ಹಸಿರು ಹಗ್ಗ ಕವರಿನಿಂದ ಆಚೆ ಇಣುಕುತ್ತಿತ್ತು.

“ಊದು ಮಾರಾಯ” ಅಂದ. ಪೀಂ ಅನ್ನಲಿಲ್ಲ.

“ಆಗಲ್ಲ” ಅಂದೆ.

ಇಪ್ಪತ್ತು ವರ್ಷ ಮೇಲಾಯಿತು ಬಾಯಿಗೆ ಇಟ್ಟು, ತುಟಿ ಇಲ್ಲ, ಉಸಿರಿಲ್ಲ, ಇಷ್ಟು ಜನರ ಮುಂದೆ ಅಲ್ಲಿಯೂ ಹಾಗೇ ಆದರೆ ಎಂತ ಮಾಡುವುದು, ಅಂತ ಏನೇನೋ ಹೇಳಿದೆ. ಸಾರ್ ಹೆಂಡತಿ, ನಾವು ಅಮ್ಮ ಅಂತಲೇ ಕರೆಯುತ್ತಿದ್ದುದು, ಅವರು ಬಾಗಿಲಲ್ಲಿ ನಿಂತು ಕವರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕಂಡಕ್ಟರ್ ಮತ್ತೆ ಕೇಳಲಿಲ್ಲ. ಕವರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಎಲ್ಲ ಮುಗಿಯುವ ತನಕ ಅದು ಅಲ್ಲೇ ಇತ್ತು.

ಹತ್ತನೇ ಸ್ವರಕ್ಕೆ ಇಷ್ಟು ವರ್ಷ ನಗುತ್ತಾ ಬಂದವರು ಆ ದಿನದ ಬಗ್ಗೆ ಇವತ್ತಿನವರೆಗೆ ಒಂದು ಮಾತು ಎತ್ತಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೋದ ವರ್ಷ ಒಂದು ಬ್ಯೂಗಲ್ ತರಿಸಿದೆ, ಮೀರತ್‌ನದು. ಬ್ಯಾಂಡಿನ ಸಾಮಾನೆಲ್ಲ ಜಾಸ್ತಿ ತಯಾರಾಗುವುದು ಅಲ್ಲೇ. ಮನೆಯಲ್ಲಿ ಊದಿದರೆ ಪಕ್ಕದವರು ಬಾಗಿಲು ತಟ್ಟುತ್ತಾರೆ, ಅದಕ್ಕೆ ಭಾನುವಾರ ತೋಟದ ಪಂಪ್‌ಹೌಸಿಗೆ ಹೋಗುತ್ತೇನೆ. ಮೊದಲ ತಿಂಗಳು ತುಟಿ ಊದಿಕೊಂಡು ಜೇನು ಕಚ್ಚಿದ ಹಾಗಿತ್ತು. ತೋಟದ ನಾಯಿ ಮೊದಮೊದಲು ಜೊತೆಗೇ ಊಳಿಡುತ್ತಿತ್ತು, ಈಗ ಎದ್ದು ಹೋಗುತ್ತದೆ. ಹತ್ತನೇ ಸ್ವರ ಈಗ ಐದು ಸಲಕ್ಕೆ ಮೂರು ಸಲ ಬರುತ್ತದೆ.

ಮೊನ್ನೆ ಭಾನುವಾರ ಧೈರ್ಯ ಮಾಡಿ ಹದಿಮೂರನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಹಾಕಿದೆ. ಏನೂ ಬರೆಯಲಿಲ್ಲ, ಬರೀ ಆಡಿಯೊ. ಹತ್ತನೆಯದು ಬಂದಿತ್ತು, ನನಗೆ ಗ್ಯಾರಂಟಿ ಇತ್ತು. ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಕಂಡಕ್ಟರ್ ಬರೆದ, ಡ್ಯೂಟಿಯಲ್ಲಿದ್ದ ಅಂತ ಕಾಣುತ್ತದೆ, ಒಂದೇ ಸಾಲು.

“ಹತ್ತು ಸರಿ ಇದೆ ಪೀಂ, ಏಳನೆಯದು ನೋಡ್ಕೋ.”

ಮತ್ತೆ ಹಾಕಿ ಕೇಳಿದೆ. ಹೌದು, ಏಳನೆಯದು.