ರಾಗಿ ಹತ್ತಿದ ಗೋಡೆ

"ನಾಯಿ ನೋಡಿದ್ದಾತು, ಗೋಡೆ ನೋಡಿದ್ರಾ?"

ಮಂಗಳವಾರ ಪಶುವೈದ್ಯರು ಕೇಳಿದ ಈ ಮಾತು ಇನ್ನೂ ಕಿವಿಯಿಂದ ಇಳಿದಿಲ್ಲ.

ಕರಿಯ ಮೂರು ದಿನದಿಂದ ಮಂಕಾಗಿದ್ದ. ಬೆಣ್ಣೆದೋಸೆ ಚೂರು ಹಾಕಿದರೂ ಮೂಸಿ ಮುಖ ತಿರುಗಿಸಿದ. ದಾವಣಗೆರೆ ನಾಯಿ ಬೆಣ್ಣೆ ಬೇಡ ಅಂದರೆ ಆಟೋ ಕರೆಯಲೇಬೇಕು. ಡಾಕ್ಟರ ಮಾತು ಒರಟು, ಕೈ ಮಾತ್ರ ಹತ್ತಿ. ತುಟಿ ಎತ್ತಿ ಬಿಳಿಚಿದ ವಸಡು ತೋರಿಸಿ ರಕ್ತ ತೆಗೆದರು. ಪ್ಲೇಟ್‌ಲೆಟ್ ಇಳಿದಿತ್ತು, ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಉಣ್ಣೆ ಜ್ವರ. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ಕಿವಿಯೊಳಗೆ ಅವರೆಕಾಳಿನಂತೆ ಊದಿದ್ದೊಂದನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೆಟ್ಟಗೆ ಎಳೆದರು. ಸೀಮೆಎಣ್ಣೆ ಹಚ್ಚಿದ್ದೆ ಅಂದಾಗ ಸಿಕ್ಕ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

"ಇಸ್ತ್ರಿಯವರ ನಾಯಿಯಿಂದಲೇ ಸಾರ್ ಇದು" ಅಂದೆ. ಆಗಲೇ ಬಂದದ್ದು ಆ ಪ್ರಶ್ನೆ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಕೆಳಗೆ ಉದುರಿ, ಬಿರುಕು ಹುಡುಕಿ ಸಾವಿರಾರು ಮೊಟ್ಟೆ ಇಡುತ್ತದಂತೆ. ಹುಟ್ಟಿದವು ತಿಂಗಳುಗಟ್ಟಲೆ ಉಪವಾಸ ಕಾಯಬಲ್ಲವಂತೆ. "ಮೂರು ತಿಂಗಳಿಗೊಂದು ಗುಳಿಗೆ ನಾಯಿಗೆ ಕೊಡ್ತೀನಿ. ಮನೆಗೆ ಯಾರು ಕೊಡ್ತಾರೆ?"

ರಾತ್ರಿ ಟಾರ್ಚ್ ಹಿಡಿದು ಚಪ್ಪಲಿ ಸ್ಟ್ಯಾಂಡ್ ಸರಿಸಿದೆ. ಗಾರೆಯ ಬಿರುಕಿನಲ್ಲಿ ಯಾರೋ ರಾಗಿ ಚೆಲ್ಲಿದ ಹಾಗಿತ್ತು. ಬೆಳಕು ಬಿದ್ದದ್ದೇ ತಡ, ರಾಗಿ ಗೋಡೆ ಹತ್ತತೊಡಗಿತು.

ಗೋಡೆ ನೋಡಿದ್ರಾ?

ತಿಂಗಳ ಹಿಂದೆ ಗೇಟಿನಲ್ಲೇ ನಿಂತು ಇಸ್ತ್ರಿಯವರಿಗೆ, "ನಿಮ್ಮ ನಾಯಿನ ಈ ಕಡೆ ಬಿಡಬ್ಯಾಡ್ರಿ" ಅಂದಿದ್ದೆ. "ಆತು ಬಿಡ್ರಿ ಅಕ್ಕಾರೆ" ಅಂದರು, ಅಷ್ಟೇ. ಅವತ್ತಿನಿಂದ ಅದು ತಳ್ಳುಗಾಡಿ ಕೆಳಗೆ ಹಗ್ಗದಲ್ಲಿದೆ. ಕೊಳೆ ಅಂದರೆ ಬೀದಿಯದು, ಬೀದಿಯವರದು. ಮಾಪ್ ಹಾಕಿದ ನಮ್ಮ ಟೈಲ್ಸಿನ ಮೇಲೆ ಅನುಮಾನ ಬರುವುದಾದರೂ ಹೇಗೆ? ನಾಯಿ ವಿಷಯ ಇರಲಿ, ಕೆಲಸದವರು, ಬಾಡಿಗೆಯವರು, ಸೊಸೆ ಬಂದ ಮನೆಯವರು, ಹೀಗೆ ಎಷ್ಟು ಕಡೆ ಟಾರ್ಚ್ ಹೊರಮುಖವಾಗಿಯೇ ಹಿಡಿದಿದ್ದೇನೋ.

ನಿನ್ನೆ ಬಟ್ಟೆ ಕೊಡಲು ಹೋದೆ. ಇಸ್ತ್ರಿಯವರು ಕೂತು ಆ ನಾಯಿಯ ಬೆರಳ ಸಂದಿ ಬಿಡಿಸಿ ನೋಡುತ್ತಿದ್ದರು. ಪಕ್ಕದಲ್ಲಿ ಸೋಪಿನ ನೀರಿನ ಡಬ್ಬಿ. "ದಿನಾ ಸಂಜೆ ಆರಿಸ್ತೀನ್ರಿ. ಕೈಯಾಗ ಹಿಚುಕಬಾರದು, ನೀರಾಗ ಹಾಕಬೇಕು" ಅಂದರು. ನಮ್ಮ ಗೋಡೆಯ ಸಂಗತಿ ಬಾಯಿಗೆ ಬಂತು. ಎರಡು ಬೆಡ್‌ಶೀಟ್ ಜಾಸ್ತಿ ಕೊಟ್ಟು ಬಂದೆ.

ಇವತ್ತು ಬೆಳಿಗ್ಗೆ ಔಷಧಿ ಹೊಡೆಯುವವರ ಗಾಡಿ ಬಂತು. ನಾನು ಕರಿಯನನ್ನು ಟೆರೇಸಿಗೆ ಕರೆದೊಯ್ಯುವಷ್ಟರಲ್ಲಿ ಅವರಿಗೆ ಗೇಟು ತೆಗೆದುಕೊಟ್ಟವರು ಇಸ್ತ್ರಿಯವರೇ. ಏನೂ ಕೇಳಲಿಲ್ಲ.