ಪಾಯ ಹಾಕುವ ಮೊದಲೇ ಆಗಬೇಕಾದ ಮಾತು

ಬಾಗಲಕೋಟೆಯ ನವನಗರದಲ್ಲಿ ಏಳುತ್ತಿರುವ ಹೊಸ ಮನೆಗಳಲ್ಲಿ ಮುಂಗೋಡೆಯ ಗ್ರಾನೈಟಿಗೂ ದೇವರಕೋಣೆಯ ಕೆತ್ತನೆಗೂ ಧಾರಾಳವಾಗಿ ಖರ್ಚು ಮಾಡುವವರು, ಮನೆಯ ಹಿರಿಯರು ಇನ್ನು ಹತ್ತು ವರ್ಷಕ್ಕೆ ಒಳಗೆ ಹೇಗೆ ಬಂದಾರು ಎಂಬುದನ್ನು ನಕಾಶೆ ತೆಗೆಸುವಾಗ ಎಂಜಿನಿಯರರ ಬಳಿ ಕೇಳುವುದು ಅಪರೂಪ.

ಹಳೆಯ ಡಾಂಬರನ್ನು ಕೆತ್ತದೆ ಅದರ ಮೇಲೆಯೇ ಹೊಸದನ್ನು ಹಾಕುವುದರಿಂದ ರಸ್ತೆ ಏರುತ್ತಲೇ ಹೋಗುತ್ತದೆ. ಮಳೆನೀರು ಒಳನುಗ್ಗೀತೆಂಬ ಭಯಕ್ಕೆ ಜನ ಪಾಯವನ್ನು ಎರಡು ಅಡಿ ಎತ್ತರಿಸುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಗಾಲಿಕುರ್ಚಿಯ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅಂದರೆ ಎರಡು ಅಡಿಗೆ 24 ಅಡಿ. 30×40ರ ಸೈಟಿನಲ್ಲಿಯೂ ಕಂಪೌಂಡಿನ ಪಕ್ಕದ ಖುಲ್ಲಾ ಜಾಗವನ್ನು ಮೊದಲೇ ಲೆಕ್ಕ ಹಾಕಿ ಬಿಟ್ಟರೆ ಇದು ಸಾಧ್ಯ. ಬೈಕ್ ಏರಿಸಲು ಮಾಡುವ ಮೂರು-ನಾಲ್ಕು ಅಡಿಯ ಕಡಿದಾದ ಇಳಿಜಾರನ್ನೇ ಕೆಲವರು ತೋರಿಸುತ್ತಾರೆ. ಅದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ.

ಇದಕ್ಕಿಂತ ಕಠಿಣವಾದದ್ದು ಬಚ್ಚಲಮನೆ. ಲಕ್ವಾ ಹೊಡೆದ ನಮ್ಮ ದೊಡ್ಡಪ್ಪನವರ ಕುರ್ಚಿ ಎರಡೂವರೆ ಅಡಿಯ ಬಚ್ಚಲ ಬಾಗಿಲಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಚೌಕಟ್ಟಿನ ದಪ್ಪ, ಬಾಗಿಲಿನ ದಪ್ಪ ಕಳೆದರೆ ಉಳಿಯುವ ಸಂದು ಕುರ್ಚಿಯ ಅಗಲಕ್ಕಷ್ಟೇ ಸರಿಯಾಗಿ, ಗಾಲಿ ತಳ್ಳುವ ಕೈಗೆ ಜಾಗವಿರುತ್ತಿರಲಿಲ್ಲ. ಮಕ್ಕಳಿಬ್ಬರು ಕಂಕುಳಿಗೊಬ್ಬರು, ಮೊಣಕಾಲಿಗೊಬ್ಬರು ಕೈಹಾಕಿ ಎತ್ತಿಕೊಂಡು ಹೋಗುತ್ತಿದ್ದರು. ರಾತ್ರಿ ಅವರನ್ನು ಎಬ್ಬಿಸಬಾರದೆಂದು ದೊಡ್ಡಪ್ಪ ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಹೊಸ ಮನೆ ಕಟ್ಟಿಸುವ ಪ್ರತಿಯೊಬ್ಬರಿಗೂ ನಾನು ಇದನ್ನು ಹೇಳುತ್ತೇನೆ.

ಬಾಗಿಲು ಮೂರು ಅಡಿ ಅಗಲವಿದ್ದು ಹೊರಕ್ಕೆ ತೆರೆಯಬೇಕು. ಒಳಗೆ ಜಾರಿಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ಅಸಹಾಯಕರಾಗುತ್ತಾರೆ. ಕಮೋಡಿನ ಪಕ್ಕದ ಗೋಡೆಯಲ್ಲಿ ಹಿಡಿಕೆ ಬರುವ ಜಾಗವನ್ನು ಗೌಂಡಿಗೆ ಮೊದಲೇ ತೋರಿಸಿ ಗಟ್ಟಿ ಕಾಂಕ್ರೀಟು ತುಂಬಿಸಬೇಕು, ಏಕೆಂದರೆ ಪೊಳ್ಳು ಬ್ಲಾಕಿಗೆ ಜಡಿದ ಮೊಳೆ ಮೈಭಾರಕ್ಕೆ ಕಿತ್ತುಬರಬಹುದು. ನೆಲಕ್ಕೆ ಹೊಳೆಯುವ ಟೈಲ್ಸಿಗಿಂತ ಒರಟು ಶಹಾಬಾದ್ ಫರಸಿ ಒಳ್ಳೆಯದು. ಗಾಲಿ ದಾಟಲೆಂದು ಹೊಸ್ತಿಲನ್ನು ತಗ್ಗಿಸಿದರೆ ಹೊಸ್ತಿಲ ಪೂಜೆ ತಪ್ಪಬೇಕಿಲ್ಲ, ಅರ್ಧ ಇಂಚು ಎತ್ತರದ, ಅಂಚು ಸವರಿದ ಕಲ್ಲಿಗೂ ಅರಿಶಿನ-ಕುಂಕುಮ ಹಚ್ಚಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಗಮನವಿರುವುದು ಮುಖ್ಯವಾಗಿ ಸಾರ್ವಜನಿಕರು ಬಳಸುವ ಕಟ್ಟಡಗಳ ಮೇಲೆ. ಕೇವಲ ಮಾರ್ಗಸೂಚಿ ಸಾಲದು, ಕಡ್ಡಾಯ ಮಾನದಂಡಗಳೇ ಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದ್ದು ನನಗೆ ತುಂಬ ಸಮಾಧಾನ ತಂದಿತು. ಆದರೂ ಸ್ವಂತ ಮನೆಯ ಬಚ್ಚಲ ಬಾಗಿಲಿನ ಅಳತೆ ಮನೆಯವರಿಗೇ ಬಿಟ್ಟದ್ದು. ಮಲಗುವ ಕೋಣೆಗಳನ್ನೆಲ್ಲ ಮಹಡಿಗೆ ಒಯ್ಯುವ ಡುಪ್ಲೆಕ್ಸ್ ಕಟ್ಟಿಸುವವರು ಕೆಳಗೊಂದು ಕೋಣೆಯನ್ನೂ ಅದಕ್ಕೆ ಹೊಂದಿದ ಬಚ್ಚಲನ್ನೂ ನಕಾಶೆಯಲ್ಲಿ ಬರೆಸಲಿ, ಬಡಿಗೇರರಿಗೆ ಚೌಕಟ್ಟಿನ ಅಳತೆ ಕೊಡುವ ಮುಂಚೆ ಒಂದು ಗಾಲಿಕುರ್ಚಿಯನ್ನು ಟೇಪು ಹಿಡಿದು ಅಳೆದು ನೋಡಲಿ.