"ಎಚ್‌ಐವಿಗೆ ಇಂಜೆಕ್ಷನ್ ಬಂದೈತಂತಲ್ರೀ, ಖರೇನ?"

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಆಪ್ತಸಮಾಲೋಚಕಿ. ಎಚ್‌ಐವಿ ಪರೀಕ್ಷೆಗೆ ಬಂದವರ ಜೊತೆ ಮಾತಾಡುವುದು ನನ್ನ ಕೆಲಸ. ಹೊಸಬರು ಹೆಚ್ಚು ಮಾತಾಡುವುದಿಲ್ಲ. ಹಳಬರು ಕೂತು ಕೇಳುತ್ತಾರೆ, ಈಚೆಗೆ ಕೇಳುವುದು ಒಂದನ್ನೇ: "ಮೇಡಂ, ಆರು ತಿಂಗಳಿಗೊಂದು ಸೂಜಿ ಮಾಡಿಸ್ಕೊಂಡ್ರ ಹೋಗೇ ಬಿಡ್ತೈತಂತಲ್ರೀ? ನಮಗ ಯಾವಾಗ ಕೊಡ್ತೀರಿ?" ಜೊತೆಗೆ ಮೊಬೈಲಿನಲ್ಲಿ ಒಂದು ವಾಟ್ಸಾಪ್ ಫಾರ್ವರ್ಡ್.

ಆ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಆರು ತಿಂಗಳಿಗೊಂದು ಇಂಜೆಕ್ಷನ್, ಎಚ್‌ಐವಿ ಪೂರ್ತಿ ವಾಸಿಯಾದ ಒಬ್ಬ ಮನುಷ್ಯ: ಈ ಎರಡು ನಿಜವಾದ ಸುದ್ದಿಗಳನ್ನು ಯಾರೋ ಒಂದೇ ಪಾತ್ರೆಗೆ ಹಾಕಿ ಕಲಸಿದ್ದಾರೆ.

ಮೊದಲು ಇಂಜೆಕ್ಷನ್. ಅದರ ಹೆಸರು ಲೆನಾಕಾಪವಿರ್. ವೈರಸ್ಸಿನ ಒಳಗಿನ ತಿರುಳಿಗೆ ಪ್ರೋಟೀನಿನ ಒಂದು ಚಿಪ್ಪು ಇರುತ್ತದೆ. ಬೇಕಾದಾಗ ಬಿಚ್ಚಿಕೊಳ್ಳಬೇಕು, ಬೇಕಾದಾಗ ಕೂಡಿಕೊಳ್ಳಬೇಕು. ಈ ಔಷಧಿ ಆ ಚಿಪ್ಪಿಗೇ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ. ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿದರೆ ಅಲ್ಲೇ ಗಂಟಿನಂತೆ ಕೂತು ಆರು ತಿಂಗಳು ಸ್ವಲ್ಪಸ್ವಲ್ಪವೇ ರಕ್ತಕ್ಕೆ ಇಳಿಯುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ 16ರಿಂದ 25 ವರ್ಷದ ಹುಡುಗಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಇಂಜೆಕ್ಷನ್ ಪಡೆದ 2,134 ಜನರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಸೋಂಕು ಬರದಂತೆ ದಿನಾ ಗುಳಿಗೆ ನುಂಗುವ ಗುಂಪುಗಳಲ್ಲಿ ತಗುಲಿತು. ಗುಳಿಗೆ ಕೆಟ್ಟದ್ದೆಂದಲ್ಲ, ಬಹಳಷ್ಟು ಹುಡುಗಿಯರಿಗೆ ಅದನ್ನು ದಿನಾ ನುಂಗಲು ಆಗಲಿಲ್ಲ. ಯಾಕೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಡಬ್ಬಿಯ ಲೇಬಲ್ ಕಿತ್ತು, ಗುಳಿಗೆಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುವ ಸೊಸೆಯಂದಿರನ್ನು ನಾನು ಕಂಡಿದ್ದೇನೆ.

ಆದರೆ ಈ ಸೂಜಿಯೊಂದನ್ನೇ ಹೀಗೆ ಕೊಡುವುದು ಸೋಂಕು ಇಲ್ಲದವರಿಗೆ, ಬರದಂತೆ ತಡೆಯಲು. ಈಗಾಗಲೇ ಇರುವವರ ಮೈಯಿಂದ ವೈರಸ್ಸನ್ನು ಇದು ಓಡಿಸುವುದಿಲ್ಲ. ಇಷ್ಟು ಹೇಳುವಾಗಲೇ ಎದುರಿಗಿದ್ದವರ ಮುಖ ಸಣ್ಣದಾಗುತ್ತದೆ. ಇದು ಲಸಿಕೆಯೂ ಅಲ್ಲ, ಮುಂದಿನ ಸೂಜಿ ತಪ್ಪಿಸಿದರೆ ರಕ್ಷಣೆಯೂ ಮುಗಿಯುತ್ತದೆ. ಲಸಿಕೆಯ ಕಥೆ ಬೇರೆಯೇ ಇದೆ. ಎರಡು ವರ್ಷದಲ್ಲಿ ಪ್ರಯೋಗಕ್ಕೆ ಸಿದ್ಧವಾದೀತು ಎಂದು ಅಮೆರಿಕದ ಆರೋಗ್ಯ ಕಾರ್ಯದರ್ಶಿ ಹೇಳಿದ್ದು 1984ರಲ್ಲಿ. ಮೊಸೈಕೊ ಎಂಬ ದೊಡ್ಡ ಪ್ರಯೋಗವನ್ನು ಫಲ ಕಾಣದೆ ನಿಲ್ಲಿಸಿದ್ದು 2023ರಲ್ಲಿ.

ಇನ್ನು ಎರಡನೆಯ ಸುದ್ದಿ, "ಪೂರ್ತಿ ವಾಸಿಯಾದ" ಮನುಷ್ಯ. ಅಂಥವರು ಇದ್ದಾರೆ. ಮೊದಲನೆಯವರು ಬರ್ಲಿನ್‌ನಲ್ಲಿದ್ದ ಅಮೆರಿಕದ ಟಿಮೊಥಿ ರೇ ಬ್ರೌನ್. ಎಚ್‌ಐವಿ ಜೊತೆಗೆ ಅವರಿಗೆ ರಕ್ತದ ಕ್ಯಾನ್ಸರ್ ಬಂತು. ಅಸ್ಥಿಮಜ್ಜೆಯ ಕಸಿ ಅನಿವಾರ್ಯವಾದಾಗ ವೈದ್ಯ ಗೆರೊ ಹ್ಯುಟ್ಟರ್ ಜಾಣತನ ತೋರಿದರು. ವೈರಸ್ ಜೀವಕೋಶದೊಳಗೆ ನುಗ್ಗಲು ಸಾಮಾನ್ಯವಾಗಿ ಬಳಸುವ ಸಿಸಿಆರ್‌5 ಎಂಬ ಬಾಗಿಲೇ ಹುಟ್ಟಿನಿಂದ ಇಲ್ಲದ ದಾನಿಯನ್ನು ಹುಡುಕಿದರು. 2007 ಮತ್ತು 2008ರಲ್ಲಿ ಎರಡು ಕಸಿ ಆಯಿತು, ವೈರಸ್ ಮತ್ತೆ ತಲೆಯೆತ್ತಲಿಲ್ಲ. 2020ರಲ್ಲಿ ಬ್ರೌನ್ ತೀರಿಕೊಂಡರು, ಆದರೆ ಎಚ್‌ಐವಿಯಿಂದಲ್ಲ, ಮರಳಿ ಬಂದ ಕ್ಯಾನ್ಸರಿನಿಂದ. ಆಮೇಲೆ ಲಂಡನ್, ಡುಸೆಲ್‌ಡಾರ್ಫ್, ನ್ಯೂಯಾರ್ಕ್‌ಗಳಲ್ಲೂ ಇಂಥ ಪ್ರಕರಣಗಳಾದವು. ಜಿನೀವಾದ ರೋಗಿಗೆ ಸಿಕ್ಕ ದಾನಿಯಲ್ಲಿ ಆ ಬಾಗಿಲು ಇತ್ತು, ಆದರೂ ವೈರಸ್ ಮರಳಲಿಲ್ಲ. ವಿಜ್ಞಾನಿಗಳಿಗೆ ಈಗ ಹೆಚ್ಚು ಕುತೂಹಲ ಹುಟ್ಟಿಸಿರುವುದು ಇಂಥ ಪ್ರಕರಣಗಳೇ.

ಹಾಗಾದರೆ ನಮಗೂ ಕಸಿ ಮಾಡಿ ಎನ್ನುತ್ತಾರೆ. ಆ ಕಸಿಯೇ ಜೀವ ತೆಗೆಯಬಹುದು. ಕ್ಯಾನ್ಸರ್ ಇದ್ದವರಿಗೆ ಬೇರೆ ದಾರಿ ಇಲ್ಲದೆ ಮಾಡಿದ್ದು ಅದು. ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ, ಹೀಗೆ ವಾಸಿಯಾದವರು ಬೆರಳೆಣಿಕೆಯಷ್ಟು.

"ದಿನಾ ನುಂಗೋ ಗುಳಿಗಿ ಅದನ್ಯಾಕ ಕೊಲ್ಲೂದಿಲ್ರೀ?" ಎಂದು ಒಮ್ಮೆ ಒಬ್ಬ ರೈತರು ಕೇಳಿದರು. ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು ಅದು. ನಿಮ್ಮ ಹೊಲದಾಗ ಜೇಕು ಐತೇನ್ರೀ ಅಂದೆ. ನಕ್ಕರು. ಮೇಲಿನ ಹುಲ್ಲು ಎಷ್ಟು ಕಿತ್ತರೂ ನೆಲದೊಳಗೆ ಗಡ್ಡೆ ಉಳಿಯುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಎಚ್‌ಐವಿಯೂ ತನ್ನ ಬರಹವನ್ನು ನಮ್ಮ ರೋಗನಿರೋಧಕ ಕೋಶಗಳ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ. ಅಂಥ ಕೆಲವು ಕೋಶಗಳು ವರ್ಷಗಟ್ಟಲೆ ನಿದ್ದೆ ಮಾಡುತ್ತವೆ. ಗುಳಿಗೆ ತಡೆಯುವುದು ಎದ್ದು ಹೆಚ್ಚಿಕೊಳ್ಳುವ ವೈರಸ್ಸನ್ನು, ಮಲಗಿದ್ದು ಅದರ ಕೈಗೆ ಸಿಗುವುದಿಲ್ಲ. ಗುಳಿಗೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಚಿಗುರು. ಅಮೆರಿಕದ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಒಂದು ಮಗುವಿಗೆ 30 ಗಂಟೆಯೊಳಗೆ ಚಿಕಿತ್ಸೆ ಶುರುವಾಗಿತ್ತು. ಮುಂದೆ ಔಷಧಿ ನಿಂತ ಮೇಲೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ವೈರಸ್ ಕಾಣಲಿಲ್ಲ. ವಾಸಿಯಾಯಿತೆಂದೇ ಜಗತ್ತು ನಂಬಿತ್ತು. 2014ರಲ್ಲಿ ಮರಳಿ ಬಂತು.

ಮಲಗಿದ್ದನ್ನು ಎಬ್ಬಿಸಿ ಕೊಲ್ಲುವ ಔಷಧಿಗಳು, ಡಿಎನ್‌ಎಯಿಂದ ಅದನ್ನು ಕತ್ತರಿಸಿ ತೆಗೆಯುವ ಕ್ರಿಸ್ಪರ್ ಪ್ರಯೋಗಗಳು ನಡೆಯುತ್ತಿವೆ. ನನ್ನ ರೋಗಿಗಳ ಕೈಗೆ ಕೊಡುವಂಥದ್ದು ಇನ್ನೂ ಬಂದಿಲ್ಲ.

ಈ ಉತ್ತರ ಕೊಡುವಾಗ ನನಗಿರುವ ಹೆದರಿಕೆ ಒಂದೇ. ಲಾರಿ ಓಡಿಸುವ ಒಬ್ಬರು ಇಂಥದೇ ಫಾರ್ವರ್ಡ್ ನೋಡಿ, "ಹೆಂಗಿದ್ರೂ ಇಂಜೆಕ್ಷನ್ ಬರ್ತೈತಿ" ಎಂದು ಗುಳಿಗೆ ನಿಲ್ಲಿಸಿದ್ದರು. ನಾಲ್ಕು ತಿಂಗಳ ಮೇಲೆ ಹೆಂಡತಿ ಕೈ ಹಿಡಿದು ಕರೆತಂದಾಗ ಬಾಯಿ ತುಂಬ ಬಿಳಿ ಹುಣ್ಣು. ಅವರು ಕಾಯುತ್ತಿದ್ದುದರ ಮುಕ್ಕಾಲು ಪಾಲು ಅವರ ಕಿಸೆಯಲ್ಲೇ ಇತ್ತು. ದಿನಕ್ಕೊಂದು ಗುಳಿಗೆ, ಎಚ್‌ಐವಿ ಔಷಧಿ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಪುಕ್ಕಟೆ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್ ರಿಪೋರ್ಟಿನಲ್ಲಿ ಅದು ಕಾಣದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಗಂಡ ಅಥವಾ ಹೆಂಡತಿಗೆ ಹರಡುವುದಿಲ್ಲ. ಯುರೋಪಿನ 14 ದೇಶಗಳಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ವೈರಸ್ ಹೀಗೆ ಇಳಿದಿದ್ದ, ಕಾಂಡೋಮ್ ಬಳಸದ 888 ಜೋಡಿಗಳನ್ನು ಗಮನಿಸಿದಾಗ, ಸಂಗಾತಿಯಿಂದ ಸಂಗಾತಿಗೆ ದಾಟಿದ ಒಂದೂ ಸೋಂಕು ಸಿಗಲಿಲ್ಲ. ಇದನ್ನು ಯಾಕೆ ಯಾರೂ ಫಾರ್ವರ್ಡ್ ಮಾಡುವುದಿಲ್ಲವೋ!

ಬೆಲೆಯ ಮಾತೂ ಬರುತ್ತದೆ. ಅಮೆರಿಕದಲ್ಲಿ ಲೆನಾಕಾಪವಿರ್‌ಗೆ ವರ್ಷಕ್ಕೆ 28,000 ಡಾಲರಿಗೂ ಹೆಚ್ಚು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಅದನ್ನೇ 2027ರಿಂದ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವ ಒಪ್ಪಂದ 2025ರಲ್ಲಿ ಪ್ರಕಟವಾಗಿದೆ. ಇದು ನನಗೆ ಹಗಲುಗನಸು ಅನ್ನಿಸುವುದಿಲ್ಲ. ವರ್ಷಕ್ಕೆ 10,000 ಡಾಲರ್ ದಾಟುತ್ತಿದ್ದ ಗುಳಿಗೆಗಳನ್ನು 2001ರಲ್ಲಿ ಮುಂಬೈನ ಸಿಪ್ಲಾ 350 ಡಾಲರಿಗೆ ಕೊಡುತ್ತೇವೆಂದಾಗಲೂ ಜನ ನಂಬಿರಲಿಲ್ಲ. 2004ರಲ್ಲಿ ನಮ್ಮ ಸರ್ಕಾರ ಪುಕ್ಕಟೆ ಕೊಡಲು ಶುರು ಮಾಡಿತು.

ಆ ಲಾರಿಯವರು ಈಗ ತಪ್ಪದೆ ಬರುತ್ತಾರೆ. ಮೊನ್ನೆ ಮತ್ತೆ ಕೇಳಿದರು, "ನಾ ಇರೂದ್ರಾಗ ಪೂರ್ತಿ ಹೋಗೂ ಔಷಧಿ ಬರ್ತೈತೇನ್ರೀ ಮೇಡಂ?" ನಿಮಗೀಗ ನಲವತ್ತೊಂದು, ಗುಳಿಗೆ ಬಿಡದಿದ್ದರೆ ಕಾಯಲು ಬೇಕಾದಷ್ಟು ವರ್ಷ ಇವೆ ಅಂದೆ. ಮುಂದಿನ ತಿಂಗಳು ವೈರಲ್ ಲೋಡ್ ಟೆಸ್ಟ್ ಇದೆ, ಹತ್ತು ಗಂಟೆಯೊಳಗೆ ಬರಬೇಕು ಎಂದು ಅವರ ಹಸಿರು ಪುಸ್ತಕದಲ್ಲಿ ಬರೆದುಕೊಟ್ಟೆ.